ಹಗ್ಗದ ಕಡೆಯ ಸಿಲಿಂಡರ್

ಸಂದ್ವಿಕ್, ವಿನಿಪೆಗ್ ಸರೋವರ
11 ಜನವರಿ 1987

ಶ್ರೀಮತಿ ಸ್ವಾವಾ ಅವರಿಗೆ,

ನನ್ನ ಹೆಸರು ಹಲ್ಡೋರಾ. ಸ್ಟೈನಿಯನ್ನು ಮದುವೆಯಾಗಿ ನಾಲ್ಕು ವರ್ಷವಾಯಿತು. ನೀವೂ ನಾನೂ ಭೇಟಿಯಾಗಿಲ್ಲ, ಆಗಬೇಕಾದ ಕಾರಣವೂ ಇರಲಿಲ್ಲ. ಈಗಲೂ ಇಲ್ಲ. ಇದು ಗಾಡಿಯ ವಿಷಯ.

ಹಿಮದ ಮೇಲೆ ಓಡಿಸುವ ಆ ಹಳದಿ ಗಾಡಿ ನಿಮಗೆ ನೆನಪಿರಬೇಕು. ನೀವು ಈ ಮನೆಯಲ್ಲಿದ್ದ ಕಾಲದಲ್ಲಿ ಕೊಂಡದ್ದೆಂದು ಕೇಳಿದ್ದೇನೆ. ಅದರ ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಇಂಜಿನ್ ಈ ಚಳಿಗಾಲ ಎರಡು ಸಲ ಪಿಸ್ಟನ್ ಬಿಗಿದುಕೊಂಡು ಸೀಜ್ ಆಯಿತು. ಮೊದಲ ಸಲ ಕ್ರಿಸ್‌ಮಸ್ಸಿಗೆ ಮುಂಚೆ, ಬಲೆ ಎತ್ತಿ, ಮೀನು ತುಂಬಿದ ಜಾರುಬಂಡಿ ಎಳೆದುಕೊಂಡು ಬರುವಾಗ. ಶಬ್ದ ತಾನಾಗಿಯೇ ಮೇಲಕ್ಕೇರಿ, ಯಾರೋ ಕತ್ತು ಹಿಡಿದಂತೆ ನಿಂತಿತಂತೆ. ಸ್ಟೈನಿ ಹೊಸ ಪಿಸ್ಟನ್ ಹಾಕಿದ. ಹೊಸ ವರ್ಷ ಕಳೆದು ಒಂದು ವಾರಕ್ಕೆ ಮತ್ತೆ ಹಾಗೆಯೇ ಆಯಿತು.

ಮಾರ್ಚ್ ಕೊನೆಗೆ ಮೀನು ಹಿಡಿಯುವ ಕಾಲ ಮುಗಿಯುತ್ತದೆ. ನಮ್ಮ ಬಲೆಗಳು ಮಂಜುಗಡ್ಡೆಯ ಕೆಳಗಿವೆ, ಅಲ್ಲಿಗೆ ಹೋಗಲು ಗಾಡಿಯಿಲ್ಲ. ಸ್ಟೈನಿ ತನ್ನ ದಾಯಾದಿ ಬ್ಯಾರ್ನಿಯ ಗಾಡಿಯ ಹಿಂದೆ ಕೂತು ಹೋಗಿಬರುತ್ತಾನೆ. ಬ್ಯಾರ್ನಿ ಒಳ್ಳೆಯವನು. ಆದರೆ ಹಿಂದೆ ಕೂತವನ ಬಲೆಯನ್ನು ಯಾವಾಗಲೂ ಕೊನೆಗೆ ಎತ್ತುತ್ತಾರೆ.

ಸ್ಟೈನಿ ತಾನೇ ನಿಮಗೆ ಬರೆಯಬೇಕೆಂದಿದ್ದ. ಬೆರಳುಗಳು ಚಳಿಗೆ ಊದಿಕೊಂಡಿವೆ, ಅದಕ್ಕೆ ನನಗೆ ಹೇಳಿದ. ಉತ್ತರವನ್ನು ನನ್ನ ಹೆಸರಿಗೇ ಕಳಿಸಿ. ಟಪಾಲು ತರುವವಳು ನಾನು.

ಇತಿ,
ಹಲ್ಡೋರಾ


ಪ್ರಿನ್ಸ್ ರೂಪರ್ಟ್
20 ಜನವರಿ 1987

ಪ್ರಿಯ ಹಲ್ಡೋರಾ,

ಸ್ಟೈನಿ ಹೇಳಿ ಬರೆಸಿದ ಎಂದಿದ್ದೀರಿ. ಅವನು ಹೇಳಿ ಬರೆಸುವವನಲ್ಲ. ಇರಲಿ.

ಗಾಡಿ ನೆನಪಿದೆ. ಇಲ್ಲಿ ಹಿಮ ಬೀಳುವುದಿಲ್ಲ, ಬಿದ್ದರೂ ಮಧ್ಯಾಹ್ನಕ್ಕೆ ಕೆಸರಾಗುತ್ತದೆ. ನಾನು ಬಂದರಿನಲ್ಲಿ ದೋಣಿಗಳ ಇಂಜಿನ್ ನೋಡಿಕೊಳ್ಳುತ್ತೇನೆ. ಆದರೂ ಯಾರಾದರೂ ಇಂಜಿನ್ ಶುರುಮಾಡಲು ಹಗ್ಗ ಎಳೆದಾಗ ಕಿವಿ ಆ ಗಾಡಿಯ ಶಬ್ದವನ್ನೇ ಕಾಯುತ್ತದೆ.

ಪಿಸ್ಟನ್ ಹೋಗುವುದು ಕಾಯಿಲೆಯಲ್ಲ, ಕಾಯಿಲೆಯ ಕೊನೆ. ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಇಷ್ಟು ನೋಡಿ ಬರೆಯಿರಿ. ಎರಡು ಸಲವೂ ಹೋದದ್ದು ಒಂದೇ ಕಡೆಯ ಪಿಸ್ಟನ್ನೋ? ಹಗ್ಗ ಎಳೆಯುವ ಕಡೆಯದೋ, ಬೆಲ್ಟಿನ ಕಡೆಯದೋ? ಎರಡೂ ಪ್ಲಗ್ ಬಿಚ್ಚಿ, ತುದಿಯ ಬಣ್ಣ ಬೆಳಕಿನಲ್ಲಿ ನೋಡಿ. ಟ್ಯಾಂಕಿನಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಸ್ಪಿರಿಟ್ ಸುರಿಯುತ್ತಾನಲ್ಲ, ಎಷ್ಟು ಸುರಿಯುತ್ತಾನೆ? ಇನ್ನೊಂದು: ಅವನು ಈಗಲೂ ಕೈಗವಸುಗಳನ್ನು ಬೆಚ್ಚಗಾಗಲೆಂದು ಇಂಜಿನ್ನಿನ ಮೇಲೆ ಇಡುತ್ತಾನೆಯೇ?

ಸ್ವಾವಾ


ಸಂದ್ವಿಕ್
28 ಜನವರಿ 1987

ಶ್ರೀಮತಿ ಸ್ವಾವಾ ಅವರಿಗೆ,

ಎರಡು ಸಲವೂ ಹೋದದ್ದು ಹಗ್ಗದ ಕಡೆಯದು. ಹಳೆಯ ಪಿಸ್ಟನ್ನುಗಳು ಶೆಡ್ಡಿನ ಕಿಟಕಿಯಲ್ಲಿವೆ. ಎರಡರ ಮೈಯೂ ಒಂದೇ ಬದಿಗೆ ಬೆಕ್ಕು ಪರಚಿದಂತಿದೆ. ಬೆಲ್ಟಿನ ಕಡೆಯ ಪ್ಲಗ್ಗಿಗೆ ಹಾಲು ಹಾಕಿದ ಕಾಫಿಯ ಬಣ್ಣ. ಹಗ್ಗದ ಕಡೆಯದು ಒಣಗಿದ ಮೂಳೆಯಂತೆ ಬೆಳ್ಳಗಿದೆ. ಸ್ಪಿರಿಟ್ ಸರೋವರದ ಎಲ್ಲರೂ ಸುರಿಯುವಷ್ಟೇ ಸುರಿಯುತ್ತಾನೆ, ಕಣ್ಣಳತೆಯಲ್ಲಿ. ಗಾಡಿ ಕೆಟ್ಟ ಮೇಲೆ ಸ್ವಲ್ಪ ಹೆಚ್ಚು. ಪೆಟ್ರೋಲಿನಲ್ಲಿ ನೀರಿದೆ ಎಂಬುದು ಅವನ ವಾದ.

ಕೈಗವಸಿನ ಮಾತು ನಮ್ಮ ಮನೆಯದು. ಅದು ಈ ಪತ್ರಗಳಲ್ಲಿ ಬರುವುದು ಬೇಡ.

ಮೂರನೆಯ ಪಿಸ್ಟನ್ ಹಾಕಿದ್ದಾಗಿದೆ, ಆದರೆ ಅವನು ಗಾಡಿ ಮುಟ್ಟುತ್ತಿಲ್ಲ. ನಿನ್ನೆ ನಾನು ಸಾಮಾನಿಗೆ ಹೋದಾಗ ಲೌಗಾಳ ಅಂಗಡಿಯಲ್ಲಿ ಗಂಡಸರೆಲ್ಲ ಸ್ಟೋವಿನ ಸುತ್ತ ಕಾಫಿ ಕುಡಿಯುತ್ತಿದ್ದರು. ಬ್ಯಾರ್ನಿ ಸಕ್ಕರೆ ಉಂಡೆ ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿದ, "ಏನೋ ಸ್ಟೈನಿ, ನಿನ್ನ ಹಳದಿ ರಾಣಿ ಇನ್ನೂ ಮುನಿಸ್ಕೊಂಡೇ ಇದ್ದಾಳಾ?"

"ಪೆಟ್ರೋಲಲ್ಲಿ ನೀರು ಕಣೋ."

"ನೀರು ನಮ್ಮ ಪೆಟ್ರೋಲಲ್ಲೂ ಇದೆ. ನಿನ್ನ ಗಾಡಿಗೊಂದಕ್ಕೇ ನೆಗಡಿ ಆಗುತ್ತಲ್ಲ! ಹಿಂದೆಲ್ಲ ಇಡೀ ಊರಿನ ಇಂಜಿನ್‌ಗೆ ನೀನೇ ವೈದ್ಯ ಆಗಿದ್ದೆ."

ಎಲ್ಲರೂ ನಕ್ಕರು. ಸ್ಟೈನಿಯೂ ನಕ್ಕ. ಆಮೇಲೆ ಬ್ಯಾರ್ನಿ ದನಿ ತಗ್ಗಿಸಿ, "ತಮಾಷೆ ಅಲ್ಲ ಕಣೋ. ಮುಂದಿನ ಚಳಿಗಾಲದಿಂದ ನನ್ನ ಜೊತೇಲೇ ಇದ್ಬಿಡು. ನಿಂದೊಂದು ಬಲೆ, ನಂದೊಂದು ಬಲೆ ಯಾಕೆ ಬೇಕು?" ಎಂದ. ಸ್ಟೈನಿ ಬೇಡ ಎನ್ನಲಿಲ್ಲ. ನಮ್ಮ ಬಲೆಗಳಿರುವುದು ಅವನಪ್ಪ ಬಲೆ ಹಾಕುತ್ತಿದ್ದ ಜಾಗದಲ್ಲಿ, ನಿಮಗೂ ಗೊತ್ತಿದ್ದೀತು. ಗಾಡಿ ಈ ಋತುವಿನಲ್ಲೇ ಓಡದಿದ್ದರೆ ಅವನು ಬ್ಯಾರ್ನಿಯ ಆಳಾಗುತ್ತಾನೆ, ಅದನ್ನು ಯಾರೂ ಆಳು ಎಂದು ಕರೆಯದಿದ್ದರೂ.

ಹಲ್ಡೋರಾ


ಪ್ರಿನ್ಸ್ ರೂಪರ್ಟ್
6 ಫೆಬ್ರವರಿ 1987

ಹಲ್ಡೋರಾ,

ಆ ಇಂಜಿನ್ನನ್ನು ತಣ್ಣಗಿಡುವುದು ಫ್ಯಾನು. ಗವಸು ಜಾರಿ ಫ್ಯಾನಿನ ಬಾಯಿಗೆ ಅಡ್ಡ ಕೂತರೆ ಸಿಲಿಂಡರ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ನಾನು ಕೇಳಿದ್ದು ಅಷ್ಟಕ್ಕೇ.

ವಯಸ್ಸಿನಲ್ಲಿ ನಾನು ದೊಡ್ಡವಳು, ನೀನು ಎನ್ನುತ್ತೇನೆ. ನೀನು ಚೆನ್ನಾಗಿ ನೋಡುತ್ತೀಯ. ಮೂಳೆಯ ಬಿಳುಪು ಎಂದೆಯಲ್ಲ, ನನಗೆ ಅದು ಬೇಕಿತ್ತು. ಪ್ಲಗ್ ಬೆಳ್ಳಗಿದ್ದರೆ ಆ ಸಿಲಿಂಡರಿಗೆ ಗಾಳಿ ಹೆಚ್ಚು ಹೋಗುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಟೂ-ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ. ಒಂದು ಕಡಿಮೆಯಾದರೆ ಎರಡೂ ಕಡಿಮೆ. ಬಾಯಾರಿದ ಇಂಜಿನ್ ಸಾಯುವ ಮುಂಚೆ ಜೋರಾಗಿ ಓಡುತ್ತದೆ. ಜನ ಅದನ್ನು ಹುರುಪು ಎಂದುಕೊಳ್ಳುತ್ತಾರೆ.

ಈಗ ಗಾಳಿ ಎಲ್ಲಿಂದ ಎಂಬುದು. ಒಂದೊಂದು ಸಿಲಿಂಡರಿಗೂ ಒಂದೊಂದು ಕಾರ್ಬುರೇಟರ್ ಇದೆ. ಎರಡನ್ನೂ ಬಿಚ್ಚಿ ಅದಲುಬದಲು ಮಾಡು. ಅವು ಕೂರುವ ರಬ್ಬರ್ ತೋಳುಗಳ ಸುತ್ತ, ಗಾಳಿ ನುಸುಳದಂತೆ, ಗ್ರೀಸ್ ಮೆತ್ತು. ಹೊಸ ಪ್ಲಗ್ ಹಾಕಿ, ದಡದಲ್ಲೇ ಸ್ವಲ್ಪ ದೂರ ಜೋರಾಗಿ ಓಡಿಸಿ, ಓಡುತ್ತಿರುವಾಗಲೇ ಇಂಜಿನ್ ಆರಿಸಿ, ಬಿಚ್ಚಿ ನೋಡು. ಬಿಳುಪು ಬೆಲ್ಟಿನ ಕಡೆಗೆ ಹೋದರೆ ತಪ್ಪು ಕಾರ್ಬುರೇಟರಿನದು. ಹಗ್ಗದ ಕಡೆಯೇ ಉಳಿದರೆ ತಪ್ಪು ಇನ್ನೂ ಒಳಗಿದೆ. ಹಾಗೆ ಉಳಿದರೆ ಯಾರೂ ಆ ಗಾಡಿಯಲ್ಲಿ ಸರೋವರಕ್ಕೆ ಇಳಿಯಬಾರದು. ಇದನ್ನು ಅವನಿಗೆ ಹೇಳು.

ಸ್ಪಿರಿಟ್ ನಿಲ್ಲಿಸು. ಅದು ರಬ್ಬರನ್ನು ಒಣಗಿಸುತ್ತದೆ. ಸರೋವರದವರು ಇಂಜಿನ್ ಕೆಮ್ಮಿದರೆ ಮೊದಲು ಸ್ಪಿರಿಟ್ ಡಬ್ಬಿಗೇ ಕೈಹಾಕುವುದು. ನಾನಿದ್ದಾಗ ಡಬ್ಬಿಯನ್ನು ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಡುತ್ತಿದ್ದೆ. ಅವನು ಮನೆಯೆಲ್ಲ ಹುಡುಕಿ, ಹಾಡು ಗುನುಗುತ್ತ ಬರಿಗೈಯಲ್ಲಿ ಹೋಗುತ್ತಿದ್ದ. ಕೋಪ ಬಂದಾಗ ಅವನು ಗುನುಗುತ್ತಾನೆ.

ಹಗ್ಗದ ಕಡೆಯ ಮ್ಯಾಗ್ನೆಟ್ ಚಕ್ರವನ್ನು ಕೀಳುವ ಪುಲ್ಲರ್ ಶೆಡ್ಡಿನ ಮೇಲಿನ ಹಲಗೆಯಲ್ಲಿ, ಬಣ್ಣದ ಡಬ್ಬಿಗಳ ಹಿಂದೆ, ಚೀಲದಲ್ಲಿ ಸುತ್ತಿಟ್ಟಿದೆ. ಬೇಕಾಗಬಹುದು.

ಸ್ವಾವಾ


ಸಂದ್ವಿಕ್
15 ಫೆಬ್ರವರಿ 1987

ಸ್ವಾವಾ ಅವರಿಗೆ,

ಪುಲ್ಲರ್ ಅಲ್ಲೇ ಇದೆ. ನಾಲ್ಕು ವರ್ಷದಿಂದ ಆ ಹಲಗೆಯ ದೂಳು ಹೊಡೆಯುತ್ತಿರುವವಳು ನಾನು. ಅಲ್ಲಿ ಏನಿದೆಯೆಂದು ಸಮುದ್ರದ ದಡದಲ್ಲಿ ಕೂತ ನಿಮ್ಮಿಂದ ತಿಳಿಯಬೇಕಾಯಿತು.

ಅವನು ಕೋಪದಲ್ಲಿ ಗುನುಗುತ್ತಾನೆ ಎಂದಿರಿ. ನಾನು ಇಷ್ಟು ದಿನ ಅದನ್ನು ಸಂತೋಷ ಎಂದುಕೊಂಡಿದ್ದೆ. ಇನ್ನು ಮುಂದೆ ಅವನು ಗುನುಗಿದಾಗಲೆಲ್ಲ ನೀವು ಅಡುಗೆಮನೆಯಲ್ಲಿ ನಿಂತಿರುತ್ತೀರಿ. ಇದಕ್ಕೆ ನಿಮಗೆ ಕೃತಜ್ಞತೆ ಹೇಳಬೇಕೋ ತಿಳಿಯದು.

ಅವನು ಬ್ಯಾರ್ನಿಯ ಜೊತೆ ಹೋದ ದಿನ ಕಾರ್ಬುರೇಟರುಗಳನ್ನು ಬದಲಾಯಿಸಿದೆ, ಗ್ರೀಸ್ ಮೆತ್ತಿದೆ, ದಡದ ಉದ್ದಕ್ಕೆ ಓಡಿಸಿದೆ. ಲೌಗಾ ಬಾಗಿಲಲ್ಲಿ ನಿಂತು, "ಏನೇ ಡೋರಾ, ಗಂಡನ್ನ ಬಿಟ್ಟು ಓಡ್ತಿದ್ದೀಯಾ?" ಎಂದು ಕೂಗಿದಳು. "ಎಲ್ಲಿಗ್ ಓಡ್ಲಿ, ಗಾಡಿ ಊರಾಚೆಗೂ ಹೋಗಲ್ಲ" ಎಂದೆ. ಪ್ಲಗ್ ಬಿಚ್ಚಿದರೆ ಬಿಳುಪು ಹಗ್ಗದ ಕಡೆಯೇ ಉಳಿದಿತ್ತು.

ಯಾರೂ ಸರೋವರಕ್ಕೆ ಇಳಿಯಬಾರದು, ಅವನಿಗೆ ಹೇಳು ಎಂದು ಬರೆದಿದ್ದಿರಿ. ನಾನು ಹೇಳಲಿಲ್ಲ. ಹೇಳಿದರೆ, ನಿನಗೆ ಯಾರು ಹೇಳಿದರು ಎಂದು ಕೇಳುತ್ತಾನೆ. ಆ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಸುಮ್ಮನಿದ್ದೆ. ಮೊನ್ನೆ ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಅವನು ಗಾಡಿ ತೆಗೆದುಕೊಂಡು ಹೊರಟೇಹೋದ. ಬಲೆಗಳನ್ನು ದಾಟಿದ ಮೇಲೆ ಇಂಜಿನ್ ಸೀಜ್ ಆಯಿತು. ಉತ್ತರದ ಗಾಳಿ ಎದ್ದು ಕೈಯಳತೆಯೂ ಕಾಣದಂತಾಯಿತು. ಮಂಜುಗಡ್ಡೆಯ ಮೇಲೆ ದಾರಿ ತೋರಲು ಹುಗಿದ ಸ್ಪ್ರೂಸ್ ಗಿಡಗಳನ್ನು ಒಂದೊಂದಾಗಿ ತಡವಿಕೊಂಡು ನಡೆದು ಬಂದ. ಕೆನ್ನೆ ಎರಡೂ ಚಳಿಗೆ ಮರಗಟ್ಟಿ ಬೆಳ್ಳಗಾಗಿದ್ದವು. ನಾನು ಆ ಬಿಳುಪನ್ನು ನೋಡುತ್ತ ನಿಂತೆ.

ಈಗ ನಿಜ ಬರೆಯುತ್ತೇನೆ. ಅವನು ನಿಮಗೆ ಬರೆ ಎಂದು ಹೇಳಿರಲಿಲ್ಲ. ಎರಡನೆಯ ಸಲ ಕೆಟ್ಟ ದಿನ ಕಾಫಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಅವನು ಹುಡ್ ಎತ್ತಿ, ಯಾವ ನಟ್ಟನ್ನೂ ಮುಟ್ಟದೆ ಇಂಜಿನ್ನನ್ನೇ ನೋಡುತ್ತ ನಿಂತಿದ್ದ. ನಾನು ಬಂದದ್ದು ತಿಳಿಯಲಿಲ್ಲ. "ಏನಾಗಿದ್ಯೇ ಇದಕ್ಕೆ, ಸ್ವಾವಾ?" ಎಂದ. ಪಕ್ಕದಲ್ಲಿ ನಿಂತವರನ್ನು ಕೇಳುವ ಹಾಗೆ. ನಾನು ಕಾಫಿಯನ್ನು ಹಿಮಕ್ಕೆ ಚೆಲ್ಲಿ ಒಳಗೆ ಬಂದೆ.

ಅವನು ಬರೆಯುವ ಮುಂಚೆ ನಾನು ಬರೆದೆ. ಅಷ್ಟೆ. ಈ ಗಾಡಿ ಓಡಬೇಕು, ಓಡುವಂತೆ ಮಾಡುವವಳು ನಾನಾಗಬೇಕು, ನೀವಾಗಬಾರದು. ಅದಕ್ಕೆ ನಿಮ್ಮನ್ನೇ ಕೇಳಬೇಕಾಗಿ ಬಂದಿದೆ. ಇದರಲ್ಲಿ ನಗುವಂಥದ್ದೇನೋ ಇದೆ, ನನಗೆ ನಗು ಬರುತ್ತಿಲ್ಲ.

ಒಂದನ್ನು ಕೇಳುತ್ತೇನೆ. ಊರಿನ ಇಂಜಿನ್ನುಗಳಿಗೆಲ್ಲ ವೈದ್ಯನಾಗಿದ್ದ ಎನ್ನುತ್ತಾರಲ್ಲ, ಆ ಕಾಲದಲ್ಲಿ ಈ ಗಾಡಿಯ ಒಳಗೆ ಕೈ ಹಾಕುತ್ತಿದ್ದವರು ನೀವೇ ಅಲ್ಲವೆ?

ಹಲ್ಡೋರಾ


ಪ್ರಿನ್ಸ್ ರೂಪರ್ಟ್
23 ಫೆಬ್ರವರಿ 1987

ಹಲ್ಡೋರಾ,

ಕೆನ್ನೆಗೆ ಬಿಸಿ ತಾಗಿಸಬೇಡ, ನಿನ್ನ ಅಂಗೈ ಸಾಕು.

ಉಳಿದದ್ದು ಒಂದೇ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಹೊರಬರುವಲ್ಲಿ, ಹಗ್ಗದ ಕಡೆ, ಮ್ಯಾಗ್ನೆಟ್ ಚಕ್ರದ ಹಿಂದೆ ಉಂಗುರದಂಥ ಆಯಿಲ್ ಸೀಲ್ ಇದೆ. ಅದರ ರಬ್ಬರ್ ತುಟಿ ಒಣಗಿ ಗಟ್ಟಿಯಾಗಿಹೋಗಿದೆ ಎಂದು ನನ್ನ ಊಹೆ. ಇಂಜಿನ್ ಉಸಿರೆಳೆದಾಗ ಅಲ್ಲಿಂದ ಗಾಳಿ ನುಗ್ಗುತ್ತದೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಚಕ್ರ ಕಿತ್ತು, ಸೈಲೆನ್ಸರ್ ಬಾಯಿ ಮತ್ತು ಕಾರ್ಬುರೇಟರ್ ಬಾಯಿಯನ್ನು ಹಳೆಯ ಟ್ಯೂಬಿನ ತುಂಡಿನಿಂದ ಮುಚ್ಚು. ಪಿಸ್ಟನ್ ಕೆಳಗಿರುವಾಗ ಪ್ಲಗ್ಗಿನ ತೂತಿನಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಗಾಳಿ ತುಂಬು. ಸೀಲಿನ ಸುತ್ತ ಸೋಪಿನ ನೀರು ಬಳಿ. ಗುಳ್ಳೆ ಎಲ್ಲಿ ಏಳುತ್ತದೋ ಸೋರಿಕೆ ಅಲ್ಲಿದೆ. ಹೊಸ ಸೀಲನ್ನು ಈ ಪೊಟ್ಟಣದಲ್ಲಿಟ್ಟಿದ್ದೇನೆ. ಕೂರಿಸುವಾಗ ತುಟಿಗೆ ಆಯಿಲ್ ಹಚ್ಚು, ಓರೆಯಾಗಿ ಬಡಿಯಬೇಡ.

ಸ್ವಾವಾ


ಸಂದ್ವಿಕ್
8 ಮಾರ್ಚ್ 1987

ಪ್ರಿಯ ಸ್ವಾವಾ ಅವರಿಗೆ,

ನನ್ನ ಪ್ರಶ್ನೆಗೆ ನೀವು ಉತ್ತರಿಸಲಿಲ್ಲ. ಅದೇ ಉತ್ತರ ಎಂದುಕೊಂಡೆ.

ಬ್ಯಾರ್ನಿ ಗಾಡಿಯನ್ನು ದಡಕ್ಕೆ ಎಳೆದು ತಂದಿದ್ದ. ನಾಲ್ಕನೆಯ ಪಿಸ್ಟನ್ನನ್ನು ಸ್ಟೈನಿ ತಂದಿಟ್ಟಿದ್ದ, ಹಾಕುವ ಮನಸ್ಸಿರಲಿಲ್ಲ. ಅದನ್ನು ನಾನೇ ಹಾಕಿ, ಚಕ್ರ ಕಿತ್ತೆ. ಬಾಯಿಗಳನ್ನು ಮುಚ್ಚಿ ಪಂಪ್ ಒತ್ತಿದೆ. ಸೋಪಿನ ನೀರು ಬೇಕಾಗಲಿಲ್ಲ ಎಂದು ತಿಳಿಸಲು ನನಗೆ ಸಂತೋಷವಿದೆ. ನಾನು ಹುಟ್ಟಿದ್ದು ಹೈನಿನ ಮನೆಯಲ್ಲಿ. ಹಾಲು ಕರೆಯುವ ಯಂತ್ರದ ಬಟ್ಟಲುಗಳಲ್ಲೂ ಇಂಥದ್ದೇ ರಬ್ಬರ್ ತುಟಿ. ಅದು ಗಟ್ಟಿಯಾದರೆ ಮೊದಲು ಗೊತ್ತಾಗುವುದು ಹಸುವಿಗೆ, ಆಮೇಲೆ ಕಿವಿಗೆ. ಇಡೀ ಕೊಟ್ಟಿಗೆಯ ಸದ್ದಿನಲ್ಲಿ ಆ ಸಣ್ಣ ಸುಯ್ಯೆನ್ನುವುದನ್ನು ಹಿಡಿಯುವುದಕ್ಕೆ ನಮ್ಮಪ್ಪ ನನ್ನನ್ನೇ ಕರೆಯುತ್ತಿದ್ದ. ಇಲ್ಲೂ ಅದೇ ಸುಯ್ ಕೇಳಿಸಿತು. ಸೀಲನ್ನು ಉಗುರಿನಿಂದ ಒತ್ತಿದೆ. ಗುರುತು ಬೀಳಲಿಲ್ಲ, ಕೊಂಬಿನಂತಿತ್ತು.

ಹೊಸದನ್ನು ಕೂರಿಸುತ್ತಿದ್ದಾಗ ಸ್ಟೈನಿ ಬಾಗಿಲಲ್ಲಿ ಬಂದು ನಿಂತ. "ಏನೇ ಮಾಡ್ತಿದ್ದೀಯ ಅಲ್ಲಿ?" ಎಂದ.

"ಕಾಣಲ್ವಾ? ಹಾಲು ಕರೀತಿದ್ದೀನಿ."

ಮೀನಿನ ಬುಟ್ಟಿಯೊಂದನ್ನು ಬೋರಲು ಹಾಕಿಕೊಂಡು ಕೂತ. ತುಂಬಾ ಹೊತ್ತು ನೋಡಿದ. ಬಿಚ್ಚಿದ ಹಳೆಯ ಸೀಲನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದ. ಆಮೇಲೆ ಕೇಳಿದ, "ಯಾರು ಹೇಳ್ಕೊಟ್ರು ಇದನ್ನ?"

ಈ ಪ್ರಶ್ನೆಗೆ ನಾನು ತಿಂಗಳುಗಟ್ಟಲೆ ಹೆದರಿದ್ದೆ. ಬಂದಾಗ ಅದು ಬಹಳ ಸಣ್ಣದಾಗಿತ್ತು. "ನಮ್ಮಪ್ಪನ ಹಸುಗಳು" ಎಂದೆ. ಅವನು ತಲೆಯಾಡಿಸಿದ. ನಿಮ್ಮ ಹೆಸರು ಹೇಳಲಿಲ್ಲ. ನಿಮಗೆ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಎರಡನೆಯ ಸಲ ಹಗ್ಗ ಎಳೆದಾಗ ಇಂಜಿನ್ ಹಿಡಿಯಿತು. ಎರಡೂ ಪ್ಲಗ್ಗು ಈಗ ಒಂದೇ ಬಣ್ಣ. ಮರುದಿನದಿಂದ ಅವನು ತನ್ನ ಬಲೆಗೆ ತಾನೇ ಹೋಗುತ್ತಿದ್ದಾನೆ. ಸ್ಪಿರಿಟ್ ಡಬ್ಬಿ ನನ್ನಲ್ಲಿದೆ, ಎಲ್ಲಿ ಎಂದು ನಿಮಗೂ ಹೇಳುವುದಿಲ್ಲ.

ಇನ್ನೊಂದು ವಿಷಯ. ಶನಿವಾರ ನಾನು ಲೌಗಾಳ ಅಂಗಡಿಗೆ ಹೋದಾಗ ಬ್ಯಾರ್ನಿ ಇದ್ದ. "ಕೊನೆಗೂ ರಾಣೀನ ಒಲಿಸ್ಕೊಂಡೆ ಬಿಡು! ವೈದ್ಯ ಅಂದ್ರೆ ವೈದ್ಯ" ಎಂದು ಸ್ಟೈನಿಯ ಬೆನ್ನು ತಟ್ಟಿದ. ಸ್ಟೈನಿ ಕಾಫಿ ಕೆಳಗಿಟ್ಟ. "ನಾನಲ್ಲ ಕಣೋ, ಡೋರಾ ಮಾಡಿದ್ದು. ಇಂಜಿನ್ ಒಳಗಿಂದು ನಂಗೇನು ಗೊತ್ತು? ಯಾವತ್ತೂ ಗೊತ್ತಿರ್ಲಿಲ್ಲ" ಎಂದ. ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಯಾರೂ ನಗಲಿಲ್ಲ. ಲೌಗಾ ನನ್ನ ಕೈಗೆ ಕಾಫಿ ಕೊಟ್ಟು, ಸ್ಟೋವಿನ ಹತ್ತಿರ ಕುರ್ಚಿ ಎಳೆದು ಹಾಕಿದಳು. ಅಲ್ಲಿ ಹೆಂಗಸರು ಕೂತದ್ದನ್ನು ನಾನು ನೋಡಿರಲಿಲ್ಲ.

ನಿಮಗೆ ಸಂತೋಷವಾಗಬಹುದೆಂದು ಬರೆದೆ.

ನಿಮ್ಮ,
ಡೋರಾ


ಸಂದ್ವಿಕ್
27 ಮಾರ್ಚ್ 1987

ಪ್ರಿಯ ಸ್ವಾವಾ ಅವರಿಗೆ,

ಹಿಂದಿನ ಪತ್ರ ತಲುಪಿತೋ ಇಲ್ಲವೋ. ನಿಮ್ಮ ಉತ್ತರಗಳು ಎಂದೂ ಇಷ್ಟು ತಡವಾಗಿರಲಿಲ್ಲ. ದಿನವೂ ಟಪಾಲಿಗೆ ಹೋಗಿ ಬರುತ್ತೇನೆ. ಮೊದಲು ನಿಮ್ಮ ಅಕ್ಷರ ಅವನ ಕಣ್ಣಿಗೆ ಬೀಳಬಾರದೆಂದು ಹೋಗುತ್ತಿದ್ದೆ. ಈಗ ಯಾಕೆ ಹೋಗುತ್ತೇನೆಂದು ಖಚಿತವಿಲ್ಲ.

ಬಲೆಗಳನ್ನು ಎತ್ತಿಯಾಯಿತು. ಬ್ಯಾರ್ನಿಯ ಮಾತಿಗೆ ಸ್ಟೈನಿ ಬೇಡ ಎಂದು ಹೇಳಿದ್ದಾನೆ. ಗಾಡಿಯನ್ನು ಬೇಸಿಗೆಗೆ ಹೇಗೆ ಇಡಬೇಕು, ಬರೆಯುವಿರಾ?

ಡೋರಾ


ಪ್ರಿನ್ಸ್ ರೂಪರ್ಟ್
9 ಏಪ್ರಿಲ್ 1987

ಶ್ರೀಮತಿ ಹಲ್ಡೋರಾ ಅವರಿಗೆ,

ಎರಡೂ ಪತ್ರ ತಲುಪಿವೆ. ಸೀಲ್ ಸರಿಯಾಗಿ ಕೂತಿದೆ ಎಂದು ತಿಳಿಯಿತು. ಬೇಸಿಗೆಯಲ್ಲಿ ಟ್ಯಾಂಕ್ ಬರಿದು ಮಾಡಿ, ಪ್ಲಗ್ಗಿನ ತೂತುಗಳಿಗೆ ಸ್ವಲ್ಪ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎಳೆದು ಬಿಡಿ. ಹಿಂಭಾಗವನ್ನು ನೆಲದಿಂದ ಎತ್ತಿ ಇಡಿ. ಗಾಡಿಯ ಬಗ್ಗೆ ನಾನು ಹೇಳಬಹುದಾದದ್ದು ಮುಗಿಯಿತು.

ನೀವು ಕೇಳಿದ್ದಕ್ಕೆ: ಹೌದು, ನಾನೇ. ಈ ಗಾಡಿ ಮಾತ್ರವಲ್ಲ, ಬ್ಯಾರ್ನಿಯ ಮೊದಲ ಗಾಡಿ, ಲೌಗಾಳ ತಮ್ಮನ ದೋಣಿಯ ಇಂಜಿನ್, ಎಲ್ಲವೂ. ನಮ್ಮ ಶೆಡ್ಡಿಗೆ ಬರುತ್ತಿದ್ದವು, ಬಾಗಿಲು ಹಾಕಿಕೊಂಡು ನಾನು ಮಾಡುತ್ತಿದ್ದೆ, ಅವನು ಕೊಂಡುಹೋಗಿ ಕೊಡುತ್ತಿದ್ದ. ಅಂಗಡಿಯಲ್ಲಿ ಅವನನ್ನು ಹೊಗಳುವಾಗ ನಾನು ಅದೇ ಕೋಣೆಯಲ್ಲಿ ಬಲೆಯ ದಾರ ಆರಿಸುತ್ತಿದ್ದೆ. ಅವನು ನನ್ನ ಕಡೆ ನೋಡುತ್ತಿರಲಿಲ್ಲ. ನೋಡದಿರುವುದೂ ಒಂದು ಬಗೆಯ ಒಪ್ಪಂದ ಎಂದುಕೊಂಡಿದ್ದೆ. ಗಂಡಸಿಗೆ ಅಷ್ಟು ಹೊಗಳಿಕೆ ಬೇಕಾಗುತ್ತದೆ, ಮಾಡಿದವಳು ಹೆಂಡತಿ ಎಂದು ಬಾಯಿಬಿಟ್ಟು ಹೇಳಲು ಯಾವ ಗಂಡಸಿಗೂ ಆಗುವುದಿಲ್ಲ ಎಂದು ತಿಳಿದಿದ್ದೆ. ಹಾಗೆ ತಿಳಿದೇ ಅಲ್ಲಿ ಇದ್ದೆ. ಹಾಗೆ ತಿಳಿದೇ ಹೊರಟುಬಂದೆ.

ನಿಮ್ಮ ಪತ್ರದ ಕೊನೆಯ ಭಾಗ ನನಗೆ ಸರಿಯಾಗಿ ತಿಳಿಯಲಿಲ್ಲ. ಅವನು ಕಾಫಿ ಕೆಳಗಿಟ್ಟ ಎಂದು ಬರೆದಿದ್ದೀರಿ. ನೀವು ಬಂದದ್ದನ್ನು ನೋಡಿದ ಮೇಲೆ ಹೇಳಿದನೋ, ನೋಡುವ ಮುಂಚೆಯೋ? ಯಾವತ್ತೂ ಗೊತ್ತಿರಲಿಲ್ಲ ಎಂದಾಗ, ಹಾಗಾದರೆ ಆಗ ಮಾಡುತ್ತಿದ್ದವರು ಯಾರು ಎಂದು ಯಾರೂ ಕೇಳಲಿಲ್ಲವೆ? ಬ್ಯಾರ್ನಿಯೂ ಕೇಳಲಿಲ್ಲವೆ?

ಬ್ಯಾರ್ನಿ, ಲೌಗಾ ಇದ್ದರು ಎಂದಾಯಿತು. ಇನ್ನು ಯಾರು ಯಾರು ಇದ್ದರು, ದಯವಿಟ್ಟು ಒಬ್ಬರನ್ನೂ ಬಿಡದೆ ಬರೆಯಿರಿ.

ಸ್ವಾವಾ